ಒಂಟಿ ಮನೆಗೆ ರಿವಾಲ್ವರ್ರೋ ಪಿಸ್ತೂಲೋ? ತೋಟೆ ಯಾವುದು?

ಸಕಲೇಶಪುರದಾಚೆಯ ತೋಟದಲ್ಲಿರುವ ನಮ್ಮ ಅತ್ತಿಗೆಗೆ ಹೋದ ತಿಂಗಳು ಲೈಸೆನ್ಸ್ ಬಂತು. ಅಣ್ಣ ಹೋದ ಮೇಲೆ ಆ ದೊಡ್ಡ ಮನೆಯಲ್ಲಿ ಅವರೊಬ್ಬರೇ. ತೋಟದ ಕೆಲಸದವರ ಲೈನ್ ಮನೆಗಳು ಕಾಲು ಮೈಲಿ ಕೆಳಗಿವೆ. ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ, ಫೋನಿಗೆ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಫೋನ್ ಮಾಡಿ ಕೇಳಿದರು: "ಅಂಗಡಿಯವರು ಪಿಸ್ತೂಲು ತಗೊಳ್ಳಿ ಅಂತಾರೆ. ನಿಮ್ಮಣ್ಣನ ಸ್ನೇಹಿತರೆಲ್ಲ ರಿವಾಲ್ವರ್ ಅಂತಾರೆ. ಡಲ್ಲಾಸ್‌ನಿಂದ ಮಗ 9 ಎಂಎಂ ಬಿಟ್ಟು ಬೇರೇನೂ ಮುಟ್ಟಬೇಡಮ್ಮ ಅಂತಾನೆ. ನೀನೇನು ಹೇಳ್ತೀಯ?"

ನಾನು ಚಿಕ್ಕವಳಿದ್ದಾಗ ಅಪ್ಪನ ಜೋಡುನಳಿಗೆ ಕೋವಿಯ ಎಣ್ಣೆ ವಾಸನೆಯಲ್ಲೇ ಬೆಳೆದವಳು. ಈಗ ಹನ್ನೆರಡು ವರ್ಷದಿಂದ ನನ್ನದೇ ಹೆಸರಿನಲ್ಲಿ .32 ರಿವಾಲ್ವರ್ ಇದೆ. ಅತ್ತಿಗೆಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ರಿವಾಲ್ವರ್ ಅಂದರೆ ತಿರುಗುವ ಉರುಳೆಯಲ್ಲಿ ತೋಟೆ ತುಂಬುವುದು, ಪಿಸ್ತೂಲ್ ಅಂದರೆ ಹಿಡಿಕೆಯೊಳಗಿನ ಡಬ್ಬಿಯಿಂದ ತೋಟೆ ಮೇಲೇರುವುದು. ನನ್ನ ಮಟ್ಟಿಗೆ ಪ್ರಶ್ನೆ ಇಷ್ಟೇ: ರಾತ್ರಿ ಎರಡು ಗಂಟೆಗೆ, ನಿದ್ದೆಗಣ್ಣಿನಲ್ಲಿ, ಹೆದರಿ ನಡುಗುವ ಕೈಗೆ ಯಾವುದು ಒಗ್ಗುತ್ತದೆ? ಗುಂಡು ಎಷ್ಟು ಜೋರು ಅನ್ನುವುದು ಆಮೇಲಿನ ಮಾತು.

ಮೊದಲು ಡಲ್ಲಾಸಿನ ಮಾತು ಮುಗಿಸೋಣ. ಮಗ ಹೇಳಿದ್ದು ಅವನಿರುವ ಊರಿಗೆ ಸರಿ. ಅಮೆರಿಕದಲ್ಲಿ ಮನೆಯ ರಕ್ಷಣೆಗೆಂದು ಬಹಳ ಜನ ಕೊಳ್ಳುವುದು 9 ಎಂಎಂ ಪಿಸ್ತೂಲನ್ನೇ, ಜೊತೆಗೆ ಮೈಗೆ ತಗುಲಿದ ಕೂಡಲೇ ಅರಳಿಕೊಳ್ಳುವ ಹಾಲೊ ಪಾಯಿಂಟ್ ಗುಂಡು. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಕೊಡದ ನಳಿಗೆಯ ಗಾತ್ರ. ಪೊಲೀಸರು, ಸೈನ್ಯದವರು ಬಳಸಿದ ಗಾತ್ರಗಳಾದ 9 ಎಂಎಂ, .38, .455, .303 ಇವು ಯಾವುವೂ ಜಿಲ್ಲಾಧಿಕಾರಿ ಅಥವಾ ನಗರದ ಪೊಲೀಸ್ ಕಮಿಷನರ್ ಕೊಡುವ ಸಾಮಾನ್ಯ ಲೈಸೆನ್ಸಿಗೆ ಬರುವುದಿಲ್ಲ. ಅದಕ್ಕೆ ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು, ಅದು ಜೀವಬೆದರಿಕೆ ಇರುವಂಥವರಿಗೆ ಅಪರೂಪಕ್ಕೆ ಸಿಗುವುದು. ಹಾಗಾಗಿ ಯೂಟ್ಯೂಬಿನಲ್ಲಿ ನೋಡುವ ಹೋಲಿಕೆಗಳಲ್ಲಿ ಮುಕ್ಕಾಲು ಪಾಲು ನಮಗೆ ಕೆಲಸಕ್ಕೆ ಬರುವುದಿಲ್ಲ. ನಮ್ಮ ಮುಂದೆ ನಿಜಕ್ಕೂ ಇರುವುದು .32 ರಿವಾಲ್ವರ್, .32 ಪಿಸ್ತೂಲ್, ಸ್ವಲ್ಪ ಮಟ್ಟಿಗೆ .22, ಮತ್ತೆ ಮಲೆನಾಡಿನ ಮನೆಮನೆಯಲ್ಲಿರುವ 12 ಬೋರ್ ಕೋವಿ.

ಇನ್ನೊಂದು ವಿಷಯ ಅಂಗಡಿಗೆ ಹೋಗುವ ಮೊದಲೇ ತಿಳಿದಿರಬೇಕು. ಲೈಸೆನ್ಸ್ ಮನೆಗೆ ಕೊಡುವುದಲ್ಲ, ಒಬ್ಬರ ಹೆಸರಿಗೆ ಕೊಡುವುದು. ಗಂಡನ ಹೆಸರಿನಲ್ಲಿ ರಿವಾಲ್ವರ್ ಇದ್ದು, ಅವರು ವಾರದಲ್ಲಿ ನಾಲ್ಕು ದಿನ ಬೆಂಗಳೂರಿನಲ್ಲಿದ್ದರೆ, ಆ ನಾಲ್ಕು ದಿನ ಹೆಂಡತಿಗೆ ಅದು ಬೀಗದೊಳಗಿನ ವಸ್ತು. ಒಂಟಿಯಾಗಿರುವವರು ಯಾರೋ ಅವರ ಹೆಸರಿನಲ್ಲೇ ಅರ್ಜಿ ಹಾಕಬೇಕು. ತೀರಿಕೊಂಡವರ ಕೋವಿಯನ್ನು ಬೀರುವಿನಲ್ಲಿ ಹಾಗೇ ಇಟ್ಟುಕೊಳ್ಳುವುದೂ ತಪ್ಪು. ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಿ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಕೊಡಬೇಕು. 2016ರ ಆಯುಧ ನಿಯಮಗಳ ಪ್ರಕಾರ ಹಿರಿಯರಿಗೆ 70 ವರ್ಷ ತುಂಬಿದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಿದ್ದರೆ, ಅವರು ಬದುಕಿದ್ದಾಗಲೇ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು ಅವಕಾಶವಿದೆ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಇರಬಹುದಾದದ್ದು ಎರಡೇ, ಮೊದಲು ಮೂರಿತ್ತು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದ್ದೂ ಆಗಲೇ. ಅಣ್ಣನ ಜೋಡುನಳಿಗೆ ಅತ್ತಿಗೆಯ ಹೆಸರಿಗೆ ಬಂದರೆ ಉಳಿಯುವುದು ಒಂದೇ ಜಾಗ. ಆ ಒಂದನ್ನು ಯೋಚಿಸಿ ತುಂಬಿಸಬೇಕು.

ರಿವಾಲ್ವರ್ ಕೈಯಲ್ಲಿ

ನನ್ನದು ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ ಹಳೆಯ ಮಾದರಿ. ಹಳೆಯ ವೆಬ್ಲಿ ರಿವಾಲ್ವರಿನ ವಿನ್ಯಾಸದಿಂದ ಬಂದದ್ದು. ಆರು ತೋಟೆ, ಮೂರಿಂಚಿನ ನಳಿಗೆ, ತೂಕ ಸುಮಾರು 700 ಗ್ರಾಂ. ಹೆಬ್ಬೆರಳಿನಿಂದ ಪಕ್ಕದ ಕೊಂಡಿ ಒತ್ತಿದರೆ ನಳಿಗೆ ನಡು ಮುರಿದ ಹಾಗೆ ಮುಂದಕ್ಕೆ ಬಾಗುತ್ತದೆ. ಆರೂ ತೋಟೆಗಳ ಹಿಂಭಾಗ ಹಿತ್ತಾಳೆ ಬಣ್ಣದಲ್ಲಿ ಒಟ್ಟಿಗೆ ಮೇಲೇಳುತ್ತದೆ. ತುಂಬಿದೆಯೋ ಖಾಲಿಯೋ ಅನ್ನುವುದು ಒಂದೇ ನೋಟಕ್ಕೆ ಕಾಣುತ್ತದೆ. ಕತ್ತಲಲ್ಲಾದರೆ ಬೆರಳಾಡಿಸಿದರೆ ಸಾಕು, ತೂತೋ ಹಿತ್ತಾಳೆಯೋ ಗೊತ್ತಾಗುತ್ತದೆ. ಈ ಒಂದು ಗುಣಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ.

ಎರಡನೆಯ ಗುಣ, ತೋಟೆ ಹಾರದಿದ್ದಾಗ ಗೊತ್ತಾಗುವುದು. ಕೆಲವು ವರ್ಷದ ಹಿಂದೆ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಮೈದಾನದಲ್ಲಿ ನಡೆದ ನಾಗರಿಕ ಬಂದೂಕು ತರಬೇತಿಯ ನಂತರ, ನನ್ನ ಬೀರುವಿನಲ್ಲಿ ನಾಲ್ಕು ಮಳೆಗಾಲ ಕಳೆದ ತೋಟೆಗಳನ್ನು ಅನುಮತಿ ಕೇಳಿ ಅಲ್ಲೇ ಹೊಡೆದು ನೋಡಿದೆ. ಆರರಲ್ಲಿ ಎರಡು ಬರೀ 'ಟಕ್' ಅಂದವು. ತೋಟೆಯ ತಪ್ಪಲ್ಲ, ಗಾಳಿಯಾಡದ ತೇವದ ಬೀರುವಿನಲ್ಲಿಟ್ಟ ನನ್ನದೇ ತಪ್ಪು. ರಿವಾಲ್ವರಿನಲ್ಲಿ ಹಾಗಾದಾಗ ಮತ್ತೆ ಟ್ರಿಗರ್ ಎಳೆದರೆ ಮುಂದಿನ ತೋಟೆ ತಾನಾಗಿ ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಾದರೆ ಹಾರದ ತೋಟೆ ಅಲ್ಲೇ ಕೂತಿರುತ್ತದೆ. ಎಡಗೈಯಲ್ಲಿ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಹಿಂದಕ್ಕೆಳೆದು ಆ ತೋಟೆಯನ್ನು ಹೊರಹಾಕಬೇಕು. ದಿನಾ ಅಭ್ಯಾಸ ಮಾಡುವ ಪೊಲೀಸರಿಗೆ ಅದು ಅರೆಕ್ಷಣದ ಕೆಲಸ. ವರ್ಷಕ್ಕೊಮ್ಮೆ ಹತ್ತಿಪ್ಪತ್ತು ತೋಟೆ ಹೊಡೆಯುವ ನಮ್ಮಂಥವರಿಗೆ ಅಲ್ಲ. (ಮೈದಾನದಲ್ಲಿ 'ಟಕ್' ಅಂದರೆ ಕೂಡಲೇ ತೆರೆಯಬೇಡಿ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ತಡವಾಗಿ ಹಾರುವುದೂ ಉಂಟು.)

ಮೂರನೆಯದು ಎಲ್ಲರೂ ದೂರುವ ವಿಷಯ: ಟ್ರಿಗರ್ ಭಾರ. ಹೌದು, ಭಾರವೇ. ಬೆರಳು ಉದ್ದಕ್ಕೆ, ಗಟ್ಟಿಯಾಗಿ ಎಳೆಯಬೇಕು, ಎಳೆಯುವಾಗ ಗುರಿ ಅಲ್ಲಾಡುತ್ತದೆ. ತೋಟೆಯ ಬುಡಕ್ಕೆ ಬಡಿಯುವ ಹ್ಯಾಮರನ್ನು ಹೆಬ್ಬೆರಳಿನಿಂದ ಮೊದಲೇ ಎತ್ತಿಟ್ಟರೆ ಹಗುರವಾಗುತ್ತದೆ, ಆದರೆ ಹಾಗೆ ಎತ್ತಿಟ್ಟ ರಿವಾಲ್ವರ್ ಹಿಡಿದು ಮನೆಯೊಳಗೆ ಓಡಾಡುವುದು ಅಪಾಯ. ನಾನು ಈ ಭಾರವನ್ನು ಯಾಕೆ ದೂರುವುದಿಲ್ಲ ಅಂತ ಹೇಳುತ್ತೇನೆ.

ಒಂದು ಜನವರಿ, ಕಾಫಿ ಕಣದಲ್ಲಿತ್ತು. ರಾತ್ರಿ ಎರಡರ ಹೊತ್ತಿಗೆ ಟಾರ್ಪಾಲು ಸರಿದ ಸದ್ದು. ನಾಯಿ ಕೂಗುತ್ತಿತ್ತು. ರಿವಾಲ್ವರ್ ಬಲಗೈಯಲ್ಲಿ, ಟಾರ್ಚು ಎಡಗೈಯಲ್ಲಿ, ಹಿಂಬಾಗಿಲ ಕಿಟಕಿಯ ಪಕ್ಕ ಗೋಡೆಗೆ ಒತ್ತಿ ನಿಂತು "ಯಾರದು?" ಅಂತ ಕೂಗಿದೆ. ಉತ್ತರವಿಲ್ಲ. ನೆರಳೊಂದು ಬಾಗಿಲ ಕಡೆಗೇ ಬರುತ್ತಿತ್ತು. ಮೈ ಬೆವರಿ, ಹಿಡಿಕೆ ಅಂಗೈಯಲ್ಲಿ ಜಾರುತ್ತಿತ್ತು. ಟಾರ್ಚು ಬಿಟ್ಟರೆ, ನಮ್ಮದೇ ಲೈನ್ ಮನೆಯ ಹುಡುಗ. ಅವನ ತಾಯಿಗೆ ಎದೆನೋವು, ಜೀಪು ಕೇಳಲು ಬಂದವನು ನಾಯಿಗೆ ಹೆದರಿ ಕಣದ ಕಡೆಯಿಂದ ಸುತ್ತಿ ಬಂದಿದ್ದ. ಓಡಿಬಂದ ಏದುಸಿರಿಗೆ ಮಾತೇ ಹೊರಟಿರಲಿಲ್ಲ. ನನ್ನ ಬೆರಳು ಟ್ರಿಗರಿನ ಹೊರಗೆ, ರಿವಾಲ್ವರಿನ ಮೈಗೆ ಅಂಟಿಕೊಂಡು ಉದ್ದಕ್ಕಿತ್ತು, ತರಬೇತಿಯಲ್ಲಿ ಕಲಿಸಿದ ಹಾಗೆ. ಒಳಗಿದ್ದಿದ್ದರೆ? ಗಾಬರಿಯಲ್ಲಿ ಎರಡೂ ಕೈ ಒಟ್ಟಿಗೆ ಬಿಗಿಯುತ್ತವೆ. ಎಡಗೈ ಟಾರ್ಚಿನ ಗುಂಡಿ ಒತ್ತಿದರೆ ಬಲಗೈಯ ಬೆರಳೂ ತನಗರಿವಿಲ್ಲದೆ ಒತ್ತುತ್ತದೆ. ಅಂಥ ಹೊತ್ತಿಗೆ ಭಾರದ ಟ್ರಿಗರ್ ಇನ್ನೊಂದು ಬೇಲಿ. ಆ ಹುಡುಗ ಈಗ ನಮ್ಮ ಪಿಕಪ್ ಓಡಿಸುತ್ತಾನೆ.

ಪಿಸ್ತೂಲಿನ ಕಡೆಯ ವಾದ

ಪಿಸ್ತೂಲನ್ನು ಹೊಗಳುವವರ ಮಾತೂ ಸುಳ್ಳಲ್ಲ. ಚಪ್ಪಟೆಯಾಗಿರುತ್ತದೆ, ಹಿಡಿಕೆಯೊಳಗೆ ಸಿಕ್ಕಿಸುವ ತೋಟೆ ಡಬ್ಬಿಯಾದ ಮ್ಯಾಗಝಿನ್ನಿನಲ್ಲಿ ಏಳೆಂಟು ತೋಟೆ ಹಿಡಿಯುತ್ತದೆ, ಖಾಲಿಯಾದರೆ ಇನ್ನೊಂದು ಮ್ಯಾಗಝಿನ್ ಸಿಕ್ಕಿಸಿದರಾಯಿತು. ಎದುರಿನ ಗುರಿ ಹಿಡಿಯಲು ಸುಲಭ, ಎರಡನೆಯ ಗುಂಡಿನಿಂದಾಚೆಗೆ ಟ್ರಿಗರ್ ಹಗುರ. ಸರ್ಕಾರಿ ಕಾರ್ಖಾನೆಯ 'ಅಶನಿ' ಬಹಳ ವರ್ಷದಿಂದ ಸಿಗುತ್ತಿದೆ. ಈಚೆಗೆ ಖಾಸಗಿ ಕಾರ್ಖಾನೆಗಳೂ.32 ಪಿಸ್ತೂಲ್ ಮಾಡುತ್ತಿವೆ, ಉತ್ತರ ಪ್ರದೇಶದ ಸಂಡೀಲಾದಲ್ಲಿ ವೆಬ್ಲಿ ಆಂಡ್ ಸ್ಕಾಟ್ ಹೆಸರಿನದೂ ಒಂದು. ಕೆಲಸದ ಅಚ್ಚುಕಟ್ಟು ನೋಡಿದರೆ ಕೆಲವು ಪಿಸ್ತೂಲುಗಳು ನನ್ನ ರಿವಾಲ್ವರಿಗಿಂತ ಎಷ್ಟೋ ಚೆನ್ನಾಗಿವೆ, ಒಪ್ಪುತ್ತೇನೆ.

ನನ್ನ ತಕರಾರು ಎರಡು. ಮೊದಲನೆಯದು ಸ್ಲೈಡು. .32 ಪಿಸ್ತೂಲುಗಳಲ್ಲಿ ಹೆಚ್ಚಿನವು ಸ್ಪ್ರಿಂಗಿನ ಬಲದಿಂದಲೇ ಹಿಂಬದಿ ಮುಚ್ಚಿಟ್ಟುಕೊಳ್ಳುವ ಬಗೆಯವು, ಹಾಗಾಗಿ ಆ ಸ್ಪ್ರಿಂಗು ಗಡುಸು. ಬೆರಳ ಗಂಟು ನೋವಿರುವ ಐವತ್ತು ದಾಟಿದ ಹೆಂಗಸರಿಗೆ, ಅಥವಾ ವಯಸ್ಸಾದ ಗಂಡಸರಿಗೂ, ಅದನ್ನು ಪೂರ್ತಿ ಹಿಂದಕ್ಕೆಳೆಯುವುದು ಸುಲಭವಲ್ಲ. ಅರ್ಧ ಎಳೆದು ಬಿಟ್ಟರೆ ತೋಟೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಎಳೆಯುವ ಕಷ್ಟಕ್ಕೆ ಹೆದರಿ ಚೇಂಬರಿನಲ್ಲಿ, ಅಂದರೆ ನಳಿಗೆಯ ಬುಡದಲ್ಲಿ ತೋಟೆ ಕೂರುವ ಜಾಗದಲ್ಲಿ, ತೋಟೆ ಹಾಕಿಯೇ ಇಡುವವರಿದ್ದಾರೆ. ಮಕ್ಕಳು ಮೊಮ್ಮಕ್ಕಳು ಬಂದುಹೋಗುವ ಮನೆಯಲ್ಲಿ ಅದು ಸಲ್ಲದು.

ಎರಡನೆಯದು ಇನ್ನೂ ಗಂಭೀರ. ಮ್ಯಾಗಝಿನ್ ಹೊರತೆಗೆದ ಕೂಡಲೇ ಪಿಸ್ತೂಲು ಖಾಲಿಯಾಯಿತು ಅಂದುಕೊಳ್ಳುವುದು. ಆಗಿರುವುದಿಲ್ಲ. ಚೇಂಬರಿನಲ್ಲಿ ಒಂದು ಉಳಿದಿರುತ್ತದೆ, ಹೊರಗಿನಿಂದ ಅದು ಕಾಣುವುದಿಲ್ಲ. ಮ್ಯಾಗಝಿನ್ ತೆಗೆದು, ಆಮೇಲೆ ಸ್ಲೈಡ್ ಎಳೆದು, ಒಳಗೆ ಕಣ್ಣಿಟ್ಟು ನೋಡಿ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಬೇಕು. ಈ ಕ್ರಮ ಹಿಂದುಮುಂದಾದರೆ, ಅಂದರೆ ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಝಿನ್ ತೆಗೆದರೆ, ಹೊಸ ತೋಟೆಯೊಂದು ಒಳಗೆ ಹೋಗಿ ಕೂತಿರುತ್ತದೆ. ಒರೆಸಲು ಕೂತಾಗ ಗುಂಡು ಹಾರಿತು ಅನ್ನುವ ಸುದ್ದಿಗಳ ಹಿಂದೆ ಇರುವುದು ಇಂಥ ಮರೆವೇ.

ಹಾಗಾದರೆ ಪಿಸ್ತೂಲು ಯಾರಿಗೆ? ರೈಫಲ್ ಅಸೋಸಿಯೇಷನ್ನಿಗೆ ಸೇರಿ ತಿಂಗಳಿಗೊಮ್ಮೆಯಾದರೂ ರೇಂಜಿಗೆ ಹೋಗುವವರಿಗೆ, ಕೈಯಲ್ಲಿ ಬಲವಿರುವವರಿಗೆ, ಯಂತ್ರ ಬಿಚ್ಚಿ ಜೋಡಿಸುವುದರಲ್ಲಿ ಇಷ್ಟವಿರುವವರಿಗೆ ಧಾರಾಳವಾಗಿ ಹೇಳುತ್ತೇನೆ, ತೆಗೆದುಕೊಳ್ಳಿ. ಉಳಿದವರಿಗೆ ರಿವಾಲ್ವರೇ.

ರಿವಾಲ್ವರಿನಲ್ಲಿ ಯಾವುದು

'ನಿರ್ಭೀಕ್' 2014ರಲ್ಲಿ ಬಂದಾಗ ಹೆಂಗಸರ ರಿವಾಲ್ವರ್ ಅಂತ ಬಹಳ ಸುದ್ದಿಯಾಯಿತು. ಟೈಟಾನಿಯಂ ಮಿಶ್ರಲೋಹ, ತೂಕ ಅರ್ಧ ಕಿಲೋ ಆಸುಪಾಸು, ಆಗಲೇ ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ ಚಿಲ್ಲರೆ. ಪರ್ಸಿನಲ್ಲಿಟ್ಟು ಓಡಾಡುವವರಿಗೆ ಹಗುರ ಒಳ್ಳೆಯದು. ಮನೆಯಲ್ಲೇ ಇರುವ ರಿವಾಲ್ವರಿಗೆ ತೂಕ ಕಡಿಮೆಯಾಗಿ ಆಗಬೇಕಾದ್ದೇನೂ ಇಲ್ಲ. ತೂಕವಿದ್ದಷ್ಟೂ ಟ್ರಿಗರ್ ಎಳೆಯುವಾಗ ನಳಿಗೆ ಕಡಿಮೆ ಅಲ್ಲಾಡುತ್ತದೆ. ಇಶಾಪುರದ ರೈಫಲ್ ಫ್ಯಾಕ್ಟರಿಯ 'ನಿಡರ್' ಇನ್ನೂ ಹಗುರ, ಕಾಲು ಕಿಲೋ, ಆದರೆ ಅದು .22. ಅಷ್ಟು ಸಣ್ಣ ಗುಂಡಿನ ಮೇಲೆ ಪ್ರಾಣ ಒತ್ತೆಯಿಡಲು ನನಗೆ ಮನಸ್ಸಿಲ್ಲ. .22 ತೋಟೆಯಲ್ಲಿ ಮದ್ದು ಹೊತ್ತಿಸುವ ರಾಸಾಯನಿಕ ಹಿಂಭಾಗದ ಅಂಚಿನ ಸುತ್ತ ಹರಡಿರುವುದರಿಂದ ಹಾರದೆ ಉಳಿಯುವ ಸಂಭವವೂ ಹೆಚ್ಚು.

ಈಗ ಹೊಸದಾಗಿ ಕೊಳ್ಳುವವರು ಮೊದಲು ನೋಡಬೇಕಾದ್ದು 'ಪ್ರಬಲ್'. ಕಾನ್ಪುರದ ಎಡಬ್ಲ್ಯೂಇಐಎಲ್, ಅಂದರೆ 2021ರಲ್ಲಿ ಸರ್ಕಾರದ ಆರ್ಡ್ನೆನ್ಸ್ (ಶಸ್ತ್ರಾಸ್ತ್ರ) ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ಮಾಡಿದಾಗ ಹುಟ್ಟಿದ ಒಂದು, 2023ರ ಆಗಸ್ಟಿನಲ್ಲಿ ಇದನ್ನು ಹೊರತಂದಿತು. ತೂಕ 700 ಗ್ರಾಂ, ನಳಿಗೆ 76 ಮಿಲಿಮೀಟರ್. ಇದರಲ್ಲಿ ನಳಿಗೆ ಮುರಿಯುವುದಿಲ್ಲ, ತೋಟೆಯ ಉರುಳೆ ಪಕ್ಕಕ್ಕೆ ಹೊರಳಿ ತೆರೆದುಕೊಳ್ಳುತ್ತದೆ; ಹಾಗಾಗಿ ಮೈ ಒಂದೇ ತುಂಡಾಗಿ ಗಟ್ಟಿ. ನಡು ಮುರಿಯುವ ಹಳೆಯ ಮಾದರಿಯ ಕೀಲು, ಕೊಂಡಿ ವರ್ಷಗಳಾದ ಮೇಲೆ ಸಡಿಲವಾಗುತ್ತವೆ, ನನ್ನದರಲ್ಲೂ ಈಗ ಸ್ವಲ್ಪ ಆಟವಿದೆ. ಪ್ರಬಲ್ ಐವತ್ತು ಮೀಟರ್ ಹೊಡೆಯುತ್ತದೆ ಅನ್ನುವ ಜಾಹೀರಾತಿಗೆ ಮರುಳಾಗಬೇಡಿ. ನಿಮ್ಮ ಮಲಗುವ ಕೋಣೆಯಿಂದ ಪಡಸಾಲೆಯ ಬಾಗಿಲಿಗೆ ಎಷ್ಟು? ಐದು, ಆರು ಮೀಟರ್. ಅಷ್ಟರಲ್ಲೇ ಅಭ್ಯಾಸ ಮಾಡಿ.

ತೋಟೆ

ಇಲ್ಲಿ ಬಹಳ ಜನ ಎಡವುತ್ತಾರೆ. ಎರಡಕ್ಕೂ .32 ಅಂತಲೇ ಹೆಸರು, ಆದರೆ ರಿವಾಲ್ವರಿನ ತೋಟೆ ಬೇರೆ, ಪಿಸ್ತೂಲಿನದು ಬೇರೆ. ರಿವಾಲ್ವರಿನದು .32 ಸ್ಮಿತ್ ಆಂಡ್ ವೆಸ್ಸನ್ ಲಾಂಗ್, 1896ರ ಸುಮಾರಿನದು. ಕೋಶದ ಉದ್ದ 23 ಮಿಲಿಮೀಟರ್, ಹಿಂಭಾಗದಲ್ಲಿ ಅಗಲವಾದ ಅಂಚು, ಮುಂದೆ ಬರಿಯ ಸೀಸದ ಗುಂಡು. ಪಿಸ್ತೂಲಿನದು .32 ಎಸಿಪಿ, ಜಾನ್ ಬ್ರೌನಿಂಗ್ 1899ರಲ್ಲಿ ತನ್ನ ಪಿಸ್ತೂಲಿಗಾಗಿ ಮಾಡಿದ್ದು. ಉದ್ದ 17 ಮಿಲಿಮೀಟರ್, ಗುಂಡಿನ ಮೇಲೆ ತಾಮ್ರದ ಹೊದಿಕೆ. ಒಂದನ್ನೊಂದರಲ್ಲಿ ತುರುಕಬೇಡಿ, ಒಳಗೆ ಹೋದ ಹಾಗೆ ಕಂಡರೂ ಬೇಡ. ಅಂಗಡಿಯಲ್ಲಿ ಬರೀ "ಪಾಯಿಂಟ್ ಮೂವತ್ತೆರಡು ಕೊಡಿ" ಅನ್ನದೆ, ರಿವಾಲ್ವರಿಗೋ ಪಿಸ್ತೂಲಿಗೋ ಹೇಳಿ, ಪೊಟ್ಟಣ ಬಿಚ್ಚಿ ನೋಡಿಯೇ ತೆಗೆದುಕೊಳ್ಳಿ. ಪುಣೆ ಬಳಿಯ ಖಡಕಿ ಕಾರ್ಖಾನೆಯ ತೋಟೆಯ ಬುಡದಲ್ಲಿ 'ಕೆಎಫ್' ಅಂತ ಒತ್ತಿರುತ್ತಾರೆ.

ಬಲ ಯಾವುದಕ್ಕೆ ಹೆಚ್ಚು? ರಿವಾಲ್ವರಿನ ಗುಂಡು ಭಾರ, ಆರು ಗ್ರಾಮಿಗೂ ಮೇಲೆ, ಆದರೆ ನಿಧಾನ. ಪಿಸ್ತೂಲಿನ ಗುಂಡು ನಾಲ್ಕೂವರೆ ಗ್ರಾಂ, ಆದರೆ ಚುರುಕು. ಶಕ್ತಿಯ ಲೆಕ್ಕ ಹಾಕಿದರೆ ರಿವಾಲ್ವರಿನದು ಸುಮಾರು 150 ಜೂಲ್, ಪಿಸ್ತೂಲಿನದು ಸುಮಾರು 175. ಇಪ್ಪತ್ತೈದು ಜೂಲಿನ ವ್ಯತ್ಯಾಸಕ್ಕೆ ಗಂಟೆಗಟ್ಟಲೆ ವಾದ ಮಾಡುವವರನ್ನು ನೋಡಿದ್ದೇನೆ. 9 ಎಂಎಂ 450 ಜೂಲ್ ದಾಟುತ್ತದೆ, 12 ಬೋರ್ ಎರಡು ಸಾವಿರ. ಅವುಗಳ ಮುಂದೆ ನಮ್ಮ .32 ಎರಡೂ ಬಡವಾಗಿಯೇ ಕಾಣುತ್ತವೆ. ಒಂದೇ ಗುಂಡಿಗೆ ಮನುಷ್ಯ ನಿಂತುಬಿಡುತ್ತಾನೆ ಅಂತ ಎಣಿಸಬೇಡಿ. ಅದಕ್ಕೇ ಮೊದಲ ಎರಡು ಗುಂಡು ಎಲ್ಲಿ ಬೀಳುತ್ತವೆ ಅನ್ನುವುದು ಇಲ್ಲಿ ಎಲ್ಲಕ್ಕಿಂತ ದೊಡ್ಡದು, ಅದು ಅಭ್ಯಾಸದಿಂದ ಬರುವುದೇ ಹೊರತು ತೋಟೆಯಿಂದಲ್ಲ. ಒದೆತ ಕಡಿಮೆ ಇರುವುದರಿಂದ ಅಭ್ಯಾಸ ಮಾಡಲು .32 ಒಳ್ಳೆಯದು, ಕೈ ನೋಯುವುದಿಲ್ಲ.

ಬಡ ಗುಂಡು ಅಂದೆನಲ್ಲ, ಹಾಗಂತ ಗೋಡೆ ಅದನ್ನು ತಡೆಯುತ್ತದೆ ಅನ್ನಬೇಡಿ. ನಮ್ಮ ಹಳೆಯ ಮನೆಗಳಲ್ಲಿ ಹೊರಗೋಡೆ ದಪ್ಪ ಮಣ್ಣಿನದೋ ಜಂಬಿಟ್ಟಿಗೆಯದೋ ಇರುತ್ತದೆ, ಅಲ್ಲಿ ನಿಲ್ಲುತ್ತದೆ. ಕೋಣೆಗಳ ನಡುವಿನ ಹಲಗೆ ಗೋಡೆ, ಪ್ಲೈವುಡ್ ಬಾಗಿಲು, ಕಿಟಕಿಯ ರೆಕ್ಕೆ ಇವುಗಳನ್ನು .32 ದಾಟಿಹೋಗುತ್ತದೆ. ಹಗಲು ಹೊತ್ತಿನಲ್ಲಿ ಮನೆಯೊಳಗೆ ಒಂದು ಸುತ್ತು ಬನ್ನಿ: ನಾನು ಇಲ್ಲಿ ನಿಂತರೆ ಎದುರಿನ ಬಾಗಿಲ ಹಿಂದೆ ಯಾರ ಮಂಚ ಇದೆ, ಕಿಟಕಿಯ ಆಚೆ ಲೈನ್ ಮನೆ ಯಾವ ದಿಕ್ಕಿಗಿದೆ. ಅತ್ತಿಗೆಯ ಮನೆಯಲ್ಲಿ ಹಾಗೆ ನೋಡಿದಾಗ, ಅಡುಗೆಮನೆಯ ಕಡೆಗೆ ಹೊಡೆಯುವಂತೆಯೇ ಇಲ್ಲ ಅಂತ ತಿಳಿಯಿತು. ಕೆಲಸದವಳು ಮಲಗುವುದು ಆ ಹಲಗೆಯ ಆಚೆಗೆ.

ಕೋವಿ ಇದ್ದೇ ಇದೆಯಲ್ಲ?

ಬೆಳೆ ರಕ್ಷಣೆಗೆಂದು ಪಡೆದ ಕೋವಿ ಮಲೆನಾಡಿನಲ್ಲಿ, ಕೊಡಗಿನಲ್ಲಿ ಎಷ್ಟೋ ಮನೆಯಲ್ಲಿದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸಿನ ವಿನಾಯಿತಿ ಈಗ 2029ರವರೆಗೆ ಮುಂದುವರಿದಿದೆ. ಕೈಲ್‌ಪೊಳ್ದ್ ದಿನ ಹೂವಿಟ್ಟು ಪೂಜೆಗಿಡುವ ಕೋವಿಗಳು ಅವು. ಬಲದಲ್ಲಿ 12 ಬೋರಿಗೆ ಯಾವ ಕೈಬಂದೂಕೂ ಸಮವಲ್ಲ. ಒಂದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಮಂಚದ ಹಿಂದೆ ಕೂತು ಕಾಯುವುದೇ ನಿಮ್ಮ ಯೋಜನೆಯಾದರೆ, ಅಭ್ಯಾಸವಿರುವ ಜೋಡುನಳಿಗೆ ಸಾಕು. ರಿವಾಲ್ವರಿಗೆ ಲಕ್ಷಗಟ್ಟಲೆ ಸುರಿಯುವ ಅಗತ್ಯವಿಲ್ಲ. ಆದರೆ ಮನೆಯೊಳಗೆ ದಪ್ಪ ಚರೆಯ ಎಲ್‌ಜಿ ತೋಟೆ ಬೇಡ, ಹಂದಿಗೆ ಇಟ್ಟುಕೊಂಡ ಒಂಟಿ ಗುಂಡಿನ ಬಾಲ್ ತೋಟೆಯಂತೂ ಬೇಡವೇ ಬೇಡ. ಅವು ಹಲಗೆ ದಾಟಿ, ಆಚೆ ಕೋಣೆ ದಾಟಿ ಹೋಗುತ್ತವೆ. ಸಣ್ಣ ಚರೆಯ ತೋಟೆ ಐದಾರು ಮೀಟರಿನಲ್ಲಿ ಹರಡಿಕೊಳ್ಳದೆ ಒಂದೇ ಮುದ್ದೆಯಾಗಿ ಬೀಳುತ್ತದೆ, ಗೋಡೆಯಾಚೆಗಿನ ಅಪಾಯ ಕಡಿಮೆ.

ಕೋವಿಯ ತೊಂದರೆ ಉದ್ದ. ಹಳೆಯ ಮನೆಯ ಗಿಡ್ಡ ಬಾಗಿಲು, ಇಕ್ಕಟ್ಟು ನಡುಮನೆ. ಎರಡು ಕೈಯೂ ಕೋವಿಗೇ ಬೇಕು. ಟಾರ್ಚು ಯಾರು ಹಿಡಿಯುವುದು, ಫೋನು ಯಾರು ಮಾಡುವುದು, ಮಗುವನ್ನು ಯಾರು ಎತ್ತಿಕೊಳ್ಳುವುದು? ಮೂಲೆ ತಿರುಗುವಾಗ ನಿಮಗಿಂತ ಮೊದಲು ನಳಿಗೆ ಆಚೆ ಹೋಗಿರುತ್ತದೆ, ಹಿಡಿದು ಎಳೆಯಲು ಅಷ್ಟು ಸಾಕು. ಒಬ್ಬರೇ ಇರುವವರಿಗೆ ರಿವಾಲ್ವರ್ ಮೇಲು ಅನ್ನಲು ನನಗಿರುವ ಮುಖ್ಯ ಕಾರಣ ಇದೇ, ಒಂದು ಕೈ ಬಿಡುವಾಗಿರುತ್ತದೆ. ಆ ಕೈಯಿಂದ ಮೊದಲು ಒತ್ತಬೇಕಾದ್ದು 112.

ಹೊಡೆಯಬಹುದೇ

ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಆತ್ಮರಕ್ಷಣೆಯ ಹಕ್ಕು ಅದರ 34ರಿಂದ 44ನೆಯ ಕಲಮುಗಳಲ್ಲಿದೆ, ಮೊದಲು ದಂಡಸಂಹಿತೆಯ 96ರಿಂದ 106 ಆಗಿದ್ದವು. ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ನಿಜವಾದ ಭಯವಿದ್ದಾಗ, ಸೂರ್ಯಾಸ್ತದ ನಂತರ ಸೂರ್ಯೋದಯದೊಳಗೆ ಮನೆ ಒಡೆದು ನುಗ್ಗಿದಾಗ, ದರೋಡೆಯಾದಾಗ, ಮನೆಗೆ ಬೆಂಕಿಯಿಟ್ಟಾಗ ಈ ಹಕ್ಕು ಎದುರಿನವನ ಸಾವಿನವರೆಗೂ ಹೋಗಬಹುದು. ಆದರೆ 37ನೆಯ ಕಲಮು ಕಡಿವಾಣ ಹಾಕುತ್ತದೆ: ಕಾಪಾಡಿಕೊಳ್ಳಲು ಬೇಕಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕೇ ಇಲ್ಲ. ಕಣದಿಂದ ಮೆಣಸಿನ ಮೂಟೆ ಹೊತ್ತು ಓಡುವವನ ಬೆನ್ನಿಗೆ ಹೊಡೆದರೆ ಈ ಕಲಮುಗಳು ನಿಮ್ಮನ್ನು ಕಾಯುವುದಿಲ್ಲ. ಮೆಣಸು ಹೋಗಲಿ, ಬಿಡಿ. ಹೆದರಿಸಲು ಗಾಳಿಯಲ್ಲಿ ಹೊಡೆಯುವುದೂ ಬೇಡ; ಹೋದ ಗುಂಡು ಎಲ್ಲೋ ಬಿದ್ದೇ ಬೀಳುತ್ತದೆ. ಮದುವೆ, ಹಬ್ಬದಲ್ಲಿ ಸಂಭ್ರಮಕ್ಕೆ ಹೊಡೆದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಇಡುವುದು ಎಲ್ಲಿ

ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿದ ಉಕ್ಕಿನ ಪೆಟ್ಟಿಗೆ, ಗುಂಡಿ ಒತ್ತಿ ತೆರೆಯುವ ಬೀಗದ್ದು. ದಿಂಬಿನಡಿ, ಅಕ್ಕಿ ಡಬ್ಬ, ದೇವರಮನೆಯ ಗೂಡು ಇವೆಲ್ಲ ಮಕ್ಕಳಿಗೆ ನಮಗಿಂತ ಮೊದಲು ಗೊತ್ತಿರುತ್ತವೆ. ಹಗಲಿಡೀ ರಿವಾಲ್ವರ್ ಖಾಲಿ, ತೋಟೆ ಬೇರೆ ಬೀಗದಲ್ಲಿ. ಒಂಟಿಯಾಗಿರುವ ರಾತ್ರಿ ಮಾತ್ರ ಪೆಟ್ಟಿಗೆಯೊಳಗೆ ತುಂಬಿಡುವುದು ನನ್ನ ಕ್ರಮ. ಮನೆಯಲ್ಲಿ ಯಾರಿಗಾದರೂ ಮನಸ್ಸು ಕುಗ್ಗಿದ್ದರೆ, ಕುಡಿತ ಮಿತಿಮೀರಿದ್ದರೆ, ಸಾಯುವ ಮಾತು ಒಮ್ಮೆ ಬಂದಿದ್ದರೂ ಸರಿ, ಬಂದೂಕು ಆ ಮನೆಯಲ್ಲಿ ಇರಬಾರದು. ಅಂಗಡಿಯಲ್ಲೋ ಠಾಣೆಯಲ್ಲೋ ಒಪ್ಪಿಸಿ ರಸೀದಿ ತೆಗೆದುಕೊಳ್ಳಿ, ಮುಂದೆ ನೋಡಿಕೊಳ್ಳಬಹುದು. ಇದನ್ನು ಕಳ್ಳರ ಭಯಕ್ಕಿಂತ ದೊಡ್ಡದೆಂದು ನಾನು ತಿಳಿದಿದ್ದೇನೆ. ಚುನಾವಣೆ ಬಂದಾಗ ಬಂದೂಕುಗಳನ್ನು ಜಮಾ ಮಾಡಿಸಿಕೊಳ್ಳುವುದು ನಿಮಗೆ ಗೊತ್ತೇ ಇದೆ. ಆ ತಿಂಗಳಿಗೆ ನಾಯಿ, ದೀಪ, ಒಳಗಿನ ಅಗುಳಿ ಇವೇ ಗತಿ, ಅವನ್ನು ಈಗಲೇ ಸರಿ ಮಾಡಿಟ್ಟುಕೊಳ್ಳಿ.

ನಮ್ಮ ಮಳೆ ಬಂದೂಕಿಗೆ ಶತ್ರು. ಚರ್ಮದ ಚೀಲದಲ್ಲಿಟ್ಟರೆ ಚರ್ಮ ತೇವ ಹಿಡಿದು ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಗೆ ಹಸಿರು ಕಿಲುಬು. ಬಟ್ಟೆಯಲ್ಲಿ ತೆಳ್ಳಗೆ ಎಣ್ಣೆ ಸವರಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿ. ತೋಟೆಗೆ ಮಾತ್ರ ಎಣ್ಣೆ ಮುಟ್ಟಿಸಬೇಡಿ, ಬುಡದ ಕೇಪಿನೊಳಗೆ ಇಳಿದು ಮದ್ದು ಸತ್ತುಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಎರಡು ಮಳೆಗಾಲ ಕಳೆದದ್ದನ್ನು ರೇಂಜಿನಲ್ಲಿ ಹೊಡೆದು ಖರ್ಚು ಮಾಡಿ, ಹೊಸದು ತಂದಿಡಿ. ಹೊಡೆದದ್ದರ ಲೆಕ್ಕ, ಖಾಲಿ ಕೋಶ ಎರಡನ್ನೂ ಎತ್ತಿಡಿ, ಲೈಸೆನ್ಸಿನಲ್ಲಿ ಬರೆದ ಸಂಖ್ಯೆ ಮೀರುವಂತಿಲ್ಲ.

ಮೊನ್ನೆ ಗುರುವಾರ ಅತ್ತಿಗೆಯ ಜೊತೆ ಬೆಂಗಳೂರಿನ ಅಂಗಡಿಗೆ ಹೋದೆ. ಪಿಸ್ತೂಲು ಹಿಡಿದು ಸ್ಲೈಡ್ ಎಳೆದರು, ಅರ್ಧಕ್ಕೆ ನಿಂತಿತು. ಇನ್ನೊಮ್ಮೆ, ಹಲ್ಲು ಕಚ್ಚಿ, ಬಂತು. ಮೂರನೆಯ ಸಲ ಹೆಬ್ಬೆರಳು ಉಜ್ಜಿಕೊಳ್ಳುತ್ತ ಮೇಜಿನ ಮೇಲಿಟ್ಟರು. ಪ್ರಬಲ್ ಕೊಟ್ಟರು. ಉರುಳೆ ಪಕ್ಕಕ್ಕೆ ಹೊರಳಿಸಿ ಆರೂ ತೂತುಗಳಲ್ಲಿ ಬೆಳಕು ನೋಡಿದರು, ಮುಚ್ಚಿ, ನಳಿಗೆ ನೆಲಕ್ಕೆ ಹಿಡಿದು ಹತ್ತು ಸಲ ಟ್ರಿಗರ್ ಎಳೆದರು. ಒಂಬತ್ತನೆಯದಕ್ಕೆ ಕೈ ನಡುಗಿತು, ಆದರೂ ಎಳೆದರು. "ಇದೇ ಇರಲಿ," ಅಂದರು. ಲೈಸೆನ್ಸಿನಲ್ಲಿ ಬರೆಯುವ ಮೊದಲು ರಿವಾಲ್ವರಿನ ಮೈಮೇಲೆ ಕೆತ್ತಿದ ನಂಬರನ್ನು ನಾನು ಒಂದೊಂದೇ ಅಂಕೆಯಾಗಿ ಓದಿದೆ, ಅತ್ತಿಗೆ ಕನ್ನಡಕ ಹಾಕಿಕೊಂಡು ರಸೀದಿಯೊಂದಿಗೆ ತಾಳೆ ನೋಡಿದರು. ಬರುವ ತಿಂಗಳು ಮೀಸಲು ಪಡೆಯ ಮೈದಾನದಲ್ಲಿ ತರಬೇತಿಗೆ ಇಬ್ಬರೂ ಹೆಸರು ಕೊಟ್ಟಿದ್ದೇವೆ.